ಮುಚ್ಚಿದ ಪೇಜ್ ಯಾಕೆ ಸಾಯಲ್ಲ? ಇವೆಂಟ್ ಹ್ಯಾಂಡ್ಲರ್ ಲೀಕಿನ ಅರವತ್ತು ವರ್ಷದ ಕಥೆ

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನ ಸ್ವಲ್ಪ ತಿದ್ದಿ, ಓದೋಕೆ ಅನುಕೂಲ ಆಗೋ ಹಾಗೆ ಇಲ್ಲಿ ಹಾಕಿದ್ದೀನಿ.

ವಿಷಯ ನಮ್ಮಲ್ಲಿ ಬಹಳ ಜನ ಅನುಭವಿಸಿರೋದೇ. ಆ್ಯಪಿನಲ್ಲಿ ಒಂದು ಪೇಜಿಂದ ಇನ್ನೊಂದಕ್ಕೆ ಹೋಗಿ ವಾಪಸ್ ಬರ್ತಾ ಇದ್ದರೆ ಮೆಮೊರಿ ಏರ್ತಾನೇ ಹೋಗತ್ತೆ, ಇಳಿಯೋದೇ ಇಲ್ಲ. ಎರಡು ದಿನ ತಲೆ ಕೆಡಿಸಿಕೊಂಡು ಹುಡುಕಿದರೆ ಯಾವುದೋ ಮೂಲೆಯಲ್ಲಿ ಒಂದು ಇವೆಂಟ್ ಹ್ಯಾಂಡ್ಲರ್ ಸಿಗತ್ತೆ. ಅದನ್ನ ಕಿತ್ತು, ಟಿಕೆಟ್ ಕ್ಲೋಸ್ ಮಾಡಿ, ಮುಂದಿನ ಸ್ಪ್ರಿಂಟಿಗೆ ಹೋಗ್ತೀವಿ. ಆದರೆ ಇದೇ ಬಗ್ ಸ್ಮಾಲ್‌ಟಾಕಿನಲ್ಲಿತ್ತು, ಇಂಟರ್ನೆಟ್ ಎಕ್ಸ್‌ಪ್ಲೋರರ್ 6ರಲ್ಲಿತ್ತು, ಜಿಮೇಲ್‌ನಲ್ಲಿತ್ತು, ಆ್ಯಂಡ್ರಾಯ್ಡ್ ಆ್ಯಪ್‌ಗಳಲ್ಲಿತ್ತು. ಪ್ರತಿ ತಲೆಮಾರಿನ ಎಂಜಿನಿಯರುಗಳೂ ಇದನ್ನ ಹೊಸ ಬಗ್ ಅಂದುಕೊಂಡೇ ಎದುರಿಸಿದ್ದಾರೆ. ಯಾಕೆ ಹೀಗೆ ಅನ್ನೋದು ಇವತ್ತಿನ ಪ್ರಶ್ನೆ.

ಎರಡು ದಾರಿಗಳು

ಶುರು ಮಾಡೋಣ 1960ರಿಂದ. ಎಂಐಟಿಯಲ್ಲಿ ಜಾನ್ ಮೆಕಾರ್ಥಿ ಐಬಿಎಂ 704 ಮೇಲೆ ಲಿಸ್ಪ್ ಭಾಷೆ ಕಟ್ಟುತ್ತಿದ್ದರು. ಆ ಮಷೀನಿನ ಮೆಮೊರಿ ಪೂರ್ತಿ ತುಂಬಿದರೂ 32,768 ಪದಗಳು. ಆ ವರ್ಷ ಪ್ರಕಟವಾದ ಅವರ ಪ್ರಬಂಧದಲ್ಲಿ ಒಂದು ಉಪಾಯ ಇದೆ: ಖಾಲಿ ಜಾಗ ಮುಗಿದಾಗ ಪ್ರೋಗ್ರಾಮನ್ನು ನಿಲ್ಲಿಸಿ, ಬೇರಿನಿಂದ ಶುರು ಮಾಡಿ, ಒಂದರಿಂದ ಒಂದಕ್ಕೆ ಕೈ ಹಿಡಿದು ಎಲ್ಲೆಲ್ಲಿ ತಲುಪಬಹುದೋ ಅಲ್ಲೆಲ್ಲ ಗುರುತು ಹಾಕುವುದು. ಗುರುತು ಬೀಳದೇ ಉಳಿದದ್ದು ಕಸ, ಅದನ್ನ ಮತ್ತೆ ಬಳಸಬಹುದು. ಇದನ್ನ ತಮ್ಮೊಳಗೆ ಆಗಲೇ 'ಗಾರ್ಬೇಜ್ ಕಲೆಕ್ಷನ್' ಅಂತ ಕರೀತಿದ್ದರಂತೆ. ಆದರೆ ಪ್ರಬಂಧದಲ್ಲಿ ಆ ಮಾತು ಬರೆಯೋಕೆ ಹಿಂಜರಿದೆ ಅಂತ ಮೆಕಾರ್ಥಿಯೇ ಎಷ್ಟೋ ವರ್ಷ ಆದಮೇಲೆ ಹೇಳಿಕೊಂಡಿದ್ದಾರೆ.

ಅದೇ 1960ರಲ್ಲಿ ಜಾರ್ಜ್ ಕಾಲಿನ್ಸ್ ಇನ್ನೊಂದು ದಾರಿ ತೋರಿಸಿದರು. ಪ್ರತಿ ವಸ್ತುವನ್ನೂ ಎಷ್ಟು ಜನ ಹಿಡಿದುಕೊಂಡಿದ್ದಾರೆ ಅಂತ ಎಣಿಸ್ತಾ ಇರೋದು, ಎಣಿಕೆ ಸೊನ್ನೆ ಆದ ತಕ್ಷಣ ಬಿಟ್ಟುಬಿಡೋದು. ಇದು ರೆಫರೆನ್ಸ್ ಕೌಂಟಿಂಗ್. ಮೂರೇ ವರ್ಷದಲ್ಲಿ, 1963ರಲ್ಲಿ, ಹೆರಾಲ್ಡ್ ಮೆಕ್‌ಬೆತ್ ಇದರ ತೂತು ತೋರಿಸಿದರು: 'ಅ' 'ಆ'ವನ್ನು ಹಿಡಿದಿದೆ, 'ಆ' ವಾಪಸ್ 'ಅ'ವನ್ನು ಹಿಡಿದಿದೆ ಅಂತಿಟ್ಟುಕೊಳ್ಳಿ. ಹೊರಗಿನವರು ಯಾರಿಗೂ ಬೇಡವಾದರೂ ಇಬ್ಬರ ಎಣಿಕೆಯೂ ಸೊನ್ನೆಗೆ ಇಳಿಯಲ್ಲ.

ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ಎರಡೂ ದಾರಿಗಳು ಕೇಳೋ ಪ್ರಶ್ನೆ "ಇದನ್ನ ಯಾರಾದರೂ ಹಿಡಿದಿದ್ದಾರಾ?" ಅಂತ. "ಇದು ಇನ್ನೂ ಬೇಕಾ?" ಅಂತ ಎರಡೂ ಕೇಳಲ್ಲ. ನಮ್ಮ ಬದುಕಿನಿಂದಲೇ ಒಂದು ಉದಾಹರಣೆ ಕೊಡ್ತೀನಿ. ಪುಣೆಯ ಬಾಡಿಗೆ ಮನೆ ಖಾಲಿ ಮಾಡಿ, ಸಾಮಾನೆಲ್ಲ ಲಾರಿಗೆ ಹಾಕಿ ಚೆನ್ನೈಗೆ ಹೊರಟಿರಿ. ಸೊಸೈಟಿ ಆಫೀಸಿನ ರಿಜಿಸ್ಟರಿನಲ್ಲಿ ಮಾತ್ರ ನಿಮ್ಮ ಹೆಸರು ಹಾಗೇ ಇದೆ. ಕಾಗದದ ಲೆಕ್ಕದಲ್ಲಿ ಆ ಫ್ಲ್ಯಾಟಿನಲ್ಲಿ ಇನ್ನೂ ನೀವೇ ಇದ್ದೀರಿ! ಗಾರ್ಬೇಜ್ ಕಲೆಕ್ಟರ್ ರಿಜಿಸ್ಟರ್ ನೋಡೋ ಮನುಷ್ಯ. ಮನೆ ಬಾಗಿಲು ತೆರೆದು ನೋಡಲ್ಲ.

ಬಾಣ ಯಾವ ಕಡೆಗೆ?

ಮುಂದಿನ ನಿಲ್ದಾಣ ಕ್ಯಾಲಿಫೋರ್ನಿಯಾದ ಝೆರಾಕ್ಸ್ ಪಾರ್ಕ್. ಕಿಟಕಿ, ಮೌಸ್, ಮೆನು ಎಲ್ಲ ಹದವಾಗ್ತಾ ಇದ್ದ ಜಾಗ. 1979ರಲ್ಲಿ ಟ್ರಿಗ್ವೆ ರೀನ್‌ಸ್ಕೌಗ್ ಅಲ್ಲಿ ಮಾಡೆಲ್-ವ್ಯೂ-ಕಂಟ್ರೋಲರ್ ಕಲ್ಪನೆ ಬರೆದರು. ಡೇಟಾ ಬದಲಾದಾಗ ಅದನ್ನ ತೋರಿಸ್ತಾ ಇರೋ ಕಿಟಕಿಗಳಿಗೆಲ್ಲ ಸುದ್ದಿ ಹೋಗಬೇಕಲ್ಲ? ಸ್ಮಾಲ್‌ಟಾಕ್-80ರಲ್ಲಿ ಇದಕ್ಕೆ 'ಡಿಪೆಂಡೆಂಟ್ಸ್' ಅಂತ ಒಂದು ಪಟ್ಟಿ. ಮಾಮೂಲಿ ಆಬ್ಜೆಕ್ಟುಗಳ ಮಟ್ಟಿಗೆ ಈ ಪಟ್ಟಿ ಒಂದು ಗ್ಲೋಬಲ್ ಡಿಕ್ಷನರಿಯಲ್ಲಿ ಕೂತಿರ್ತಿತ್ತು. ಗ್ಲೋಬಲ್ ಅಂದಮೇಲೆ ಅದಕ್ಕೆ ಸಾವಿಲ್ಲ, ಅದರಲ್ಲಿ ಹೆಸರು ಬರೆಸಿಕೊಂಡವರಿಗೂ ಸಾವಿಲ್ಲ. ಕಿಟಕಿ ಮುಚ್ಚುವಾಗ 'ರಿಲೀಸ್' ಅಂತ ಒಂದು ಮೆಸೇಜ್ ಕಳಿಸೋದು ಪ್ರೋಗ್ರಾಮರ್ ಜವಾಬ್ದಾರಿ. ಮರೆತರೆ ಕಿಟಕಿ ಮೆಮೊರಿಯಲ್ಲೇ ಉಳೀತು. ಅಂದರೆ ನಮ್ಮ ಬಗ್ ಆಗಲೇ ಹುಟ್ಟಿಯಾಗಿತ್ತು.

1994ರ 'ಡಿಸೈನ್ ಪ್ಯಾಟರ್ನ್ಸ್' ಪುಸ್ತಕ ಈ ಏರ್ಪಾಡಿಗೆ 'ಅಬ್ಸರ್ವರ್' ಅಂತ ಹೆಸರಿಟ್ಟಿತು. ಅಲ್ಲಿ ಒಂದು ಎಚ್ಚರಿಕೆಯೂ ಇದೆ: ಸುದ್ದಿ ಕೊಡುವವನು ಮೊದಲು ಸತ್ತರೆ ಕೇಳುವವರ ಕೈಯಲ್ಲಿ ಹಾಳು ಪಾಯಿಂಟರ್ ಉಳಿಯುತ್ತದೆ, ಹುಷಾರು ಅಂತ. ಸಿ++ ಕಾಲಕ್ಕೆ ಸರಿಯಾದ ಎಚ್ಚರಿಕೆ. ಗಾರ್ಬೇಜ್ ಕಲೆಕ್ಷನ್ ಇರೋ ಭಾಷೆಗಳಲ್ಲಿ ಪೆಟ್ಟು ಬೀಳೋದು ಉಲ್ಟಾ ಕಡೆಯಿಂದ. ಸುದ್ದಿ ಕೊಡುವವನು ಸಾಯೋದೇ ಇಲ್ಲ, ಹಾಗಾಗಿ ಕೇಳೋಕೆ ಕೂತವರನ್ನೂ ಸಾಯೋಕೆ ಬಿಡಲ್ಲ.

ಬಹಳ ಜನ ಎಡವೋದು ಇಲ್ಲೇ. "ನನ್ನ ಪೇಜ್ ವಿಂಡೋಗೆ ಸಬ್‌ಸ್ಕ್ರೈಬ್ ಆಗಿದೆ" ಅಂದಾಗ ಪೇಜ್ ವಿಂಡೋವನ್ನು ಹಿಡಿದಿದೆ ಅಂತ ಮನಸ್ಸು ಅಂದುಕೊಳ್ಳತ್ತೆ. ಬಾಣ ಇರೋದು ಆಚೆಯಿಂದ ಈಚೆಗೆ. ವಿಂಡೋ ನಿಮ್ಮ ಹ್ಯಾಂಡ್ಲರನ್ನು ಹಿಡಿದಿದೆ, ಹ್ಯಾಂಡ್ಲರ್ ತನ್ನ ಪೇಜನ್ನು ಹಿಡಿದಿದೆ, ಪೇಜ್ ತನ್ನೊಳಗಿನ ಚಿತ್ರ, ಪಟ್ಟಿ, ಡೇಟಾ ಎಲ್ಲವನ್ನೂ ಹಿಡಿದಿದೆ. ಒಂದೇ ಒಂದು ಫಂಕ್ಷನ್, ಅದರ ಬಾಲಕ್ಕೆ ಇಡೀ ಪೇಜ್.

ಎರಡು ಲೆಕ್ಕದವರ ನಡುವೆ

2001ರಲ್ಲಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 6ರಲ್ಲಿ 1960ರ ಎರಡೂ ದಾರಿಗಳು ಒಂದೇ ಮನೆಯಲ್ಲಿ ಸಂಸಾರ ಮಾಡ್ತಿದ್ದವು. ಪೇಜಿನ ಎಲಿಮೆಂಟುಗಳು ರೆಫರೆನ್ಸ್ ಕೌಂಟಿಂಗ್ ಮೇಲೆ, ಜೆಸ್ಕ್ರಿಪ್ಟ್ ಎಂಜಿನ್ ಗುರುತು ಹಾಕಿ ಗುಡಿಸೋ ಪದ್ಧತಿಯ ಮೇಲೆ. ಒಂದು ಬಟನ್ನಿಗೆ ಕ್ಲಿಕ್ ಹ್ಯಾಂಡ್ಲರ್ ಹಾಕಿದಿರಿ, ಆ ಹ್ಯಾಂಡ್ಲರ್ ಕ್ಲೋಷರ್ ಆಗಿ ಅದೇ ಬಟನ್ನನ್ನು ಹಿಡಿದುಕೊಂಡಿತು. ಚಕ್ರ ಪೂರ್ತಿ ಆಯ್ತು. ಅರ್ಧ ಚಕ್ರ ಒಬ್ಬರ ಲೆಕ್ಕದಲ್ಲಿ, ಅರ್ಧ ಇನ್ನೊಬ್ಬರ ಲೆಕ್ಕದಲ್ಲಿ. ಇಬ್ಬರಿಗೂ ಪೂರ್ತಿ ಕಾಣಲ್ಲ, ಇಬ್ಬರೂ ಬಿಡಲ್ಲ. ಬಳಕೆದಾರ ಬೇರೆ ಸೈಟಿಗೇ ಹೋದರೂ ಆ ಮೆಮೊರಿ ಬ್ರೌಸರ್ ಮುಚ್ಚುವ ತನಕ ವಾಪಸ್ ಬರ್ತಿರಲಿಲ್ಲ. 2009ರ ಐಇ 8ರಲ್ಲಿ ಮೈಕ್ರೋಸಾಫ್ಟ್ ಈ ಚಕ್ರಗಳಿಗೆ ಪರಿಹಾರ ಕೊಟ್ಟಿತು. ಫೈರ್‌ಫಾಕ್ಸ್ ಕೂಡ 2008ರ 3ನೇ ಆವೃತ್ತಿಯಲ್ಲಿ ಇಂಥ ಚಕ್ರ ಹುಡುಕೋಕೆ ಅಂತಲೇ ಒಂದು 'ಸೈಕಲ್ ಕಲೆಕ್ಟರ್' ತಂದಿತು.

ಬ್ರೌಸರಿನವರು ತಮ್ಮ ತಪ್ಪು ತಿದ್ದಿಕೊಳ್ಳೋ ಹೊತ್ತಿಗೆ ನಾವು ಆಟದ ನಿಯಮವನ್ನೇ ಬದಲಿಸಿದ್ವಿ. 2004ರ ಏಪ್ರಿಲ್ 1ಕ್ಕೆ ಜಿಮೇಲ್ ಬಂತು. ಅಲ್ಲಿಯವರೆಗೆ ಲಿಂಕ್ ಒತ್ತಿದರೆ ಹಳೇ ಪೇಜ್ ಹೋಗಿ ಹೊಸ ಪೇಜ್ ಬರ್ತಿತ್ತು, ಹಳೇ ಪಾಪಗಳೂ ಬಹುಮಟ್ಟಿಗೆ ಅದರ ಜೊತೆ ಹೋಗ್ತಿದ್ದವು. ಈಗ ಟ್ಯಾಬ್ ಬೆಳಗ್ಗೆ ತೆರೆದರೆ ರಾತ್ರಿವರೆಗೆ ಅದೇ. 'ಪೇಜ್' ಅನ್ನೋದು ಬರೀ ನಾವು ಕೊಟ್ಟ ಹೆಸರು. ಬ್ರೌಸರ್ ಪಾಲಿಗೆ ಏನೂ ಬದಲಾಗಿಲ್ಲ, ವಿಂಡೋ ಅದೇ, ಅದರ ಲಿಸನರ್ ಪಟ್ಟಿಯೂ ಅದೇ. 2013ರಲ್ಲಿ ಗೂಗಲ್ಲಿನ ಜಿಮೇಲ್ ತಂಡ ತಮ್ಮ ಮೆಮೊರಿ ಸಮಸ್ಯೆಯ ಕಾರಣಗಳನ್ನ ಬಿಚ್ಚಿಟ್ಟಾಗ, ಮಿತಿಯಿಲ್ಲದ ಕ್ಯಾಶ್‌ಗಳ ಪಕ್ಕದಲ್ಲೇ ಇದ್ದ ಹೆಸರು ಇವೆಂಟ್ ಲಿಸನರ್.

ಬ್ಯಾಕ್‌ಬೋನ್ ಬಳಸಿದವರಿಗೆ 'ಝಾಂಬಿ ವ್ಯೂ' ನೆನಪಿರಬೇಕು. ಪರದೆಯಿಂದ ಹೋದ ವ್ಯೂ ಹಿಂದೆ ಕೂತು ಇವೆಂಟಿಗೆ ಉತ್ತರ ಕೊಡ್ತಾನೇ ಇರತ್ತೆ, ಒಂದು ಸೇವ್ ಒತ್ತಿದರೆ ಸರ್ವರಿಗೆ ಐದು ರಿಕ್ವೆಸ್ಟ್ ಹೋಗತ್ತೆ. 2012ರ ಕೊನೆಯಲ್ಲಿ ಬ್ಯಾಕ್‌ಬೋನ್ 'ಲಿಸನ್‌ಟು', 'ಸ್ಟಾಪ್‌ಲಿಸನಿಂಗ್' ಕೊಟ್ಟಿದ್ದು ಇದೇ ಕಾರಣಕ್ಕೆ. ಇದರಲ್ಲಿ ಲೆಕ್ಕದ ಪುಸ್ತಕ ಕೇಳುವವನ ಕೈಗೇ ಬಂತು, ಹೊರಡುವಾಗ ಒಂದೇ ಸಲಕ್ಕೆ ಎಲ್ಲ ಹೆಸರೂ ಹೊಡೆದುಹಾಕಬಹುದು.

ಮೊಬೈಲಿನಲ್ಲೂ ಇದೇ ಪಾಡು. 2009ರ ಜನವರಿಯಲ್ಲಿ ಆ್ಯಂಡ್ರಾಯ್ಡ್ ತಂಡದ ರೊಮೇನ್ ಗೀ ಬರೆದ ಲೇಖನ ಈಗ ಓದಿದರೂ ಚೆನ್ನಾಗಿದೆ. ಆಗಿನ ಜಿ1 ಫೋನಿನಲ್ಲಿ ಒಂದು ಆ್ಯಪಿಗೆ ಸಿಗ್ತಿದ್ದದ್ದು 16 ಎಂಬಿ ಹೀಪ್. ಸ್ಟ್ಯಾಟಿಕ್ ಆಗಿ ಇಟ್ಟ ಒಂದು ಹಿನ್ನೆಲೆ ಚಿತ್ರ ತನ್ನ ಕಾಲ್‌ಬ್ಯಾಕ್ ಮೂಲಕ ವ್ಯೂವನ್ನು, ವ್ಯೂ ಮೂಲಕ ಇಡೀ ಆ್ಯಕ್ಟಿವಿಟಿಯನ್ನು ಹಿಡಿದಿಡತ್ತೆ. ಫೋನನ್ನು ಅಡ್ಡ ತಿರುಗಿಸಿದರೆ ಹೊಸ ಆ್ಯಕ್ಟಿವಿಟಿ ಹುಟ್ಟತ್ತೆ, ಹಳೇದು ಹೋಗಲ್ಲ. 2015ರಲ್ಲಿ ಸ್ಕ್ವೇರ್ ಕಂಪನಿ ಲೀಕ್‌ಕ್ಯಾನರಿ ಬಿಡುಗಡೆ ಮಾಡಿತು. ನಾಶ ಆಗಬೇಕಾದ ಆ್ಯಕ್ಟಿವಿಟಿಯನ್ನು ವೀಕ್ ರೆಫರೆನ್ಸ್ ಮೂಲಕ ಕಣ್ಣಿಟ್ಟು ನೋಡಿ, ಸ್ವಲ್ಪ ಹೊತ್ತಾದರೂ ಉಳಿದಿದ್ದರೆ ಯಾರು ಹಿಡಿದಿದ್ದಾರೆ ಅಂತ ಆ ಸರಪಳಿಯನ್ನೇ ಮುಂದಿಡತ್ತೆ.

ಹಿಡಿಯೋದು ಹೇಗೆ

ಈ ಇತಿಹಾಸದಿಂದಲೇ ಡೀಬಗ್ ಮಾಡೋ ಕ್ರಮವೂ ಸಿಗತ್ತೆ. ನಾನು ಮಾಡೋದು ಹೀಗೆ. ಆ್ಯಪ್ ತೆರೆದು, ಅನುಮಾನದ ಪೇಜಿಗೆ ಒಮ್ಮೆ ಹೋಗಿ ಬರ್ತೀನಿ, ಮೊದಲ ಸಲ ತುಂಬೋ ಕ್ಯಾಶ್‌ಗಳು ತುಂಬಿಕೊಳ್ಳಲಿ ಅಂತ. ಆಮೇಲೆ ಕ್ರೋಮಿನ ಮೆಮೊರಿ ಪ್ಯಾನೆಲ್ಲಿನಲ್ಲಿ ಒಂದು ಹೀಪ್ ಸ್ನ್ಯಾಪ್‌ಶಾಟ್. ಮತ್ತೆ ಅದೇ ಪೇಜಿಗೆ ಸರಿಯಾಗಿ 7 ಸಲ ಹೋಗಿ ಬಂದು, ಇನ್ನೊಂದು ಸ್ನ್ಯಾಪ್‌ಶಾಟ್. ಎರಡನ್ನೂ ಹೋಲಿಸಿ 7 ಅಥವಾ 14 ಹೆಚ್ಚಾಗಿರೋ ವಸ್ತು ಯಾವುದು ಅಂತ ಹುಡುಕೋದು. 7 ಯಾಕೆ ಅಂದರೆ 2, 5, 10 ಆಕಸ್ಮಿಕವಾಗಿ ಎಲ್ಲೆಲ್ಲೂ ಸಿಗತ್ತೆ, 7 ಹಾಗೆ ಸಿಗೋದು ಕಡಿಮೆ. 'ಡಿಟ್ಯಾಚ್ಡ್' ಅಂತ ಕಾಣೋ ಎಲಿಮೆಂಟುಗಳನ್ನ ವಿಶೇಷವಾಗಿ ನೋಡಿ, ಮರದಿಂದ ಬಿದ್ದರೂ ಯಾರದೋ ಕೈಯಲ್ಲಿರೋ ಎಲೆಗಳು ಅವು. ಕೊನೆಗೆ 'ರಿಟೇನರ್ಸ್' ಪಟ್ಟಿಯಲ್ಲಿ ಬೇರಿನ ತನಕ ಹೋಗಿ. ದಾರಿಯಲ್ಲಿ ವಿಂಡೋ, ಗ್ಲೋಬಲ್ ಸ್ಟೋರ್, ಟೈಮರ್, ವೆಬ್‌ಸಾಕೆಟ್ ಇವುಗಳಲ್ಲಿ ಒಂದು ಸಿಕ್ಕೇ ಸಿಗತ್ತೆ. ಪೇಜಿನೊಳಗಿನ ಬಟನ್ನಿಗೆ ಹಾಕಿದ ಹ್ಯಾಂಡ್ಲರ್ ಬಗ್ಗೆ ಇವತ್ತು ತಲೆ ಕೆಡಿಸಿಕೊಳ್ಳಬೇಡಿ, ಬಟನ್ ಜೊತೆ ಅದೂ ಹೋಗತ್ತೆ. ಪೇಜಿಗಿಂತ ಹೆಚ್ಚು ಕಾಲ ಬದುಕೋರಿಗೆ ಅಂಟಿಸಿದ್ದೇ ಅಪಾಯ.

ಇನ್ನೊಂದು ಕಿರಿಕ್. ರಿಮೂವ್‌ಇವೆಂಟ್‌ಲಿಸನರ್‌ಗೆ ಹಾಕುವಾಗ ಕೊಟ್ಟ ಅದೇ ಫಂಕ್ಷನ್ ವಾಪಸ್ ಕೊಡಬೇಕು. ಹಾಕುವಾಗೊಮ್ಮೆ, ತೆಗೆಯುವಾಗೊಮ್ಮೆ ಬೈಂಡ್ ಮಾಡಿದರೆ ಅವು ಎರಡು ಬೇರೆ ಫಂಕ್ಷನ್. ಬ್ರೌಸರ್ ಎರರ್ ಕೊಡಲ್ಲ, ಸುಮ್ಮನೆ ಏನೂ ಮಾಡಲ್ಲ. ಕೋಡ್ ರಿವ್ಯೂನಲ್ಲಿ "ರಿಮೂವ್ ಇದೆಯಲ್ಲ" ಅಂತ ಎಲ್ಲರೂ ಪಾಸ್ ಮಾಡ್ತಾರೆ. ಹೊಸ ಬ್ರೌಸರುಗಳಲ್ಲಿ ಲಿಸನರ್‌ಗಳಿಗೆ ಒಂದೇ ಅಬಾರ್ಟ್ ಸಿಗ್ನಲ್ ಕೊಟ್ಟು, ಪೇಜ್ ಬಿಡುವಾಗ ಒಂದು ಸಲ ಅಬಾರ್ಟ್ ಅಂದರೆ ಸಾಕು, ಈ ತೊಂದರೆಯೇ ಇಲ್ಲ. ರಿಯಾಕ್ಟ್ 18 ಅಂತೂ 2022ರಿಂದ ಡೆವಲಪ್‌ಮೆಂಟಿನ ಸ್ಟ್ರಿಕ್ಟ್ ಮೋಡಿನಲ್ಲಿ ಪ್ರತಿ ಕಾಂಪೊನೆಂಟನ್ನೂ ಬೇಕಂತಲೇ ಒಮ್ಮೆ ಹಾಕಿ, ತೆಗೆದು, ಮತ್ತೆ ಹಾಕತ್ತೆ. ಕ್ಲೀನಪ್ ಮರೆತಿದ್ದರೆ ಮೊದಲ ದಿನವೇ ಗೊತ್ತಾಗಲಿ ಅಂತ.

ಹಾಗಾದರೆ ಎಲ್ಲ ಕಡೆ ವೀಕ್ ರೆಫರೆನ್ಸ್ ಯಾಕೆ ಬೇಡ? ಜಾವಾದಲ್ಲಿ ಅದು 1998ರಿಂದ ಇದೆ, ಡಬ್ಲ್ಯುಪಿಎಫ್‌ನಲ್ಲಿ ವೀಕ್ ಇವೆಂಟ್ ಮ್ಯಾನೇಜರ್ 2006ರಿಂದ, ಜಾವಾಸ್ಕ್ರಿಪ್ಟಿಗೂ 2021ರಲ್ಲಿ ಬಂತು. ಉಪಯೋಗ ಇದೆ, ಆದರೆ ಕಲೆಕ್ಟರ್ ಯಾವಾಗ ಬರತ್ತೆ ಅನ್ನೋದು ನಮ್ಮ ಕೈಯಲ್ಲಿಲ್ಲ. ಅದು ಬರೋ ತನಕ ಸತ್ತ ಪೇಜಿನ ಹ್ಯಾಂಡ್ಲರ್ ಓಡ್ತಾನೇ ಇರತ್ತೆ.

ನನ್ನ ಪ್ರಕಾರ ಈ ಬಗ್ ಮತ್ತೆ ಮತ್ತೆ ಬರೋಕೆ ಕಾರಣ ಇಷ್ಟೇ. 'ಬಿಟ್ಟು ಹೋದೆ' ಅನ್ನೋದು ನಮ್ಮ ಮನಸ್ಸಿನಲ್ಲಿ ಇರೋ ವಿಷಯ. ಮಷೀನಿಗೆ ಅದು ಹೇಳದೇ ಗೊತ್ತಾಗಲ್ಲ. ಪ್ರತಿ ಹೊಸ ಪ್ಲಾಟ್‌ಫಾರ್ಮ್ ಪೇಜುಗಳಿಗಿಂತ ಹೆಚ್ಚು ಬಾಳೋ ಒಂದು ಹೊಸ ವಸ್ತು ತರತ್ತೆ, ಅದರ ರಿಜಿಸ್ಟರಿನಲ್ಲಿ ನಾವು ಹೆಸರು ಬರೆಸ್ತೀವಿ. ನಮ್ಮ 32 ಜಿಬಿ ಲ್ಯಾಪ್‌ಟಾಪಿನಲ್ಲಿ ಇದು ಕಾಣಲ್ಲ. ಕಾಣೋದು ಬ್ಯಾಂಕ್ ಕೌಂಟರಿನ ಹಳೇ ಕಂಪ್ಯೂಟರಿನಲ್ಲಿ, ಸರತಿ ಬೆಳೀತಾ ಇರೋ ಮಧ್ಯಾಹ್ನದ ಹೊತ್ತಿಗೆ. ಕಾಣೋದು ಡೆಲಿವರಿ ಹುಡುಗನ ಕಡಿಮೆ ಬೆಲೆಯ ಫೋನಿನಲ್ಲಿ, ಇಪ್ಪತ್ತನೇ ಆರ್ಡರ್ ಹೊತ್ತಿಗೆ. ಅವರಿಗೆ ಹೀಪ್ ಸ್ನ್ಯಾಪ್‌ಶಾಟ್ ತೆಗೆಯೋಕೆ ಬರಲ್ಲ, "ಆ್ಯಪ್ ಹ್ಯಾಂಗ್ ಆಯ್ತು ಸರ್" ಅನ್ನೋಕೆ ಮಾತ್ರ ಬರತ್ತೆ. ಹಾಗಾಗಿ ಸಬ್‌ಸ್ಕ್ರೈಬ್ ಅನ್ನೋ ಸಾಲು ಬರೆದ ಕೂಡಲೇ, ಟೀ ಕುಡಿಯೋಕೆ ಏಳೋ ಮುಂಚೆ, ಅನ್‌ಸಬ್‌ಸ್ಕ್ರೈಬ್ ಸಾಲನ್ನೂ ಬರೆದುಬಿಡಿ. ನಾಳೆ ಆಫೀಸಿಗೆ ಹೋದಾಗ ನಿಮ್ಮ ಆ್ಯಪಿನ ಒಂದು ಪೇಜಿಗೆ 7 ಸಲ ಹೋಗಿ ಬಂದು ನೋಡಿ. ಮುಂದಿನ ವಾರ ಸಿಗೋಣ.