ಬೈರಿಗೆಯ ಬಾಯಿ

ಮರಕ್ಕೆ ತೂತು ಹಾಕುವ ಸಾಧನಕ್ಕೆ ನಮ್ಮಲ್ಲಿ ಬೈರಿಗೆ ಅಂತಾರ. ಹಲ್ಲಿನ ಗಾಲಿ ಮತ್ತು ತಿರುವುವ ಹಿಡಿಕೆ ಇರುವ ಕಬ್ಬಿಣದ ಕೈಡ್ರಿಲ್ ಬಂದ ಮೇಲೂ ನಮ್ಮೂರ ಹಳೇ ಬಡಿಗರು ಹೆಸರು ಬದಲಿಸಲಿಲ್ಲ, ಅದೂ ಬೈರಿಗೆಯೇ. ಅದರ ತುದಿಯಲ್ಲಿ ಬಿಟ್ ಕಚ್ಚಿ ಹಿಡಿಯುವ ಭಾಗಕ್ಕೆ ಚಕ್ ಅಂತಾರ. ನಾನು ಅದನ್ನು ಬೈರಿಗೆಯ ಬಾಯಿ ಅಂತೀನಿ, ಯಾಕಂದ್ರ ಅದರೊಳಗ ಮೂರು ಹಲ್ಲು ಇರ್ತಾವ.

ತೂತು ಕೊರೆಯೋ ವಿದ್ಯೆ ಬಾಳ ಹಳೇದು. ಬಲೂಚಿಸ್ತಾನದ ಮೆಹರ್‌ಗಢದಲ್ಲಿ ಅಗೆದಾಗ, ಕೊರೆದ ತೂತು ಇರುವ ಮನುಷ್ಯರ ದವಡೆ ಹಲ್ಲು ಹನ್ನೊಂದು ಸಿಕ್ಕವು. ಏಳೂವರೆ ಸಾವಿರ ವರ್ಷಕ್ಕಿಂತ ಹಿಂದಿನವು. ಚಕಮಕಿ ಕಲ್ಲಿನ ಮೊನೆಯನ್ನು ಬಿಲ್ಲಿನಿಂದ ತಿರುಗಿಸಿ ಕೊರೆದಿರಬೇಕು ಅಂತ ಪಂಡಿತರು 2006ರಲ್ಲಿ ಬರೆದರು. ಸಿಂಧೂ ಕಣಿವೆಯ ಮಂದಿ ಕೆಂಪು ಕಲ್ಲಿನ ಉದ್ದನೆ ಮಣಿಗೂ ತೂತು ಹಾಕಿದರು. ಆ ಸಣ್ಣ ತೂತು ನೋಡಿದ್ರ ಇವತ್ತಿಗೂ ಬೆರಗಾಗ್ತದ.

ನಮ್ಮ ಬಡಿಗರ ಬಿಲ್ಲು ಬೈರಿಗೆಯೂ ಅದೇ ವಂಶದ್ದು. ದಂಡಿಗೆ ಹುರಿ ಒಂದು ಸುತ್ತು ಸುತ್ತಿ ಬಿಲ್ಲನ್ನು ಹಿಂದಮುಂದ ಎಳೆದ್ರ ದಂಡಿ ಒಮ್ಮೆ ಬಲಕ್ಕ, ಒಮ್ಮೆ ಎಡಕ್ಕ ತಿರುಗ್ತದ. ಅದರ ಮೊನೆ ಎರಡೂ ಕಡೆ ಕೊರೀಬೇಕು. ಮೊನೆ ದಂಡಿಗೇ ಬಡಿದು ಕೂಡಿಸಿದ್ದು. ದೊಡ್ಡ ತೂತು ಬೇಕಂದ್ರ ಬೇರೆ ದಂಡಿ ತಗೋಬೇಕು.

ಒಂದೇ ಕಡೆ ತಿರುಗುವ ಹಿಡಿಕೆ ಬಂದಾಗ ಬಿಟ್ಟಿನ ಆಕಾರವೂ ಬದಲಾಯಿತು. ಅಮೆರಿಕದ ಸ್ಟೀಫನ್ ಮೋರ್ಸ್ 1863ರಲ್ಲಿ ಸುರುಳಿ ಬಿಟ್ಟಿಗೆ ಪೇಟೆಂಟ್ ಪಡೆದ. ಮರುವರ್ಷ 1864ರಲ್ಲಿ ವಿಲಿಯಂ ಬಾರ್ಬರ್ ಅನ್ನುವವನು ಬಿಟ್ ಹಿಡಿಯುವ ಹೊಸ ಚಕ್ಕಿಗೆ ಪೇಟೆಂಟ್ ತಗೊಂಡ. ಟೊಪ್ಪಿಗೆ ತಿರುವಿದ್ರ ಒಳಗಿನ ಎರಡು ಹಲ್ಲು ಬಿಟ್ಟನ್ನು ಕಚ್ತಿದ್ದವು. ಒಂದೇ ಸಾಧನಕ್ಕೆ ಹತ್ತು ಬಿಟ್ ಹಾಕಬಹುದು ಅಂದ ಮೇಲೆ ಬಡಿಗನ ಚೀಲದ ಭಾರ ಇಳೀತಲ್ಲ! 1902ರಲ್ಲಿ ಆರ್ಥರ್ ಜೇಕಬ್ಸ್ ಚಾವಿಯಿಂದ ಬಿಗಿ ಮಾಡುವ ಚಕ್ ತಂದ. ಕರೆಂಟ್ ಡ್ರಿಲ್ಲಿಗೆ ಅದೇ ಹೊಂದಿತು. ಕೈಡ್ರಿಲ್ಲಿಗೆ ಚಾವಿ ಬೇಡ, ಮುಷ್ಟಿ ಸಾಕು.

ನಮ್ಮ ಓಣಿಯ ಬಡಿಗ ಕಾಕಾನ ಕೈಡ್ರಿಲ್ ಅವನು ತೀರಿದ ಮೇಲೆ ಭಂಗಾರದವನ ತಕ್ಕಡಿಗೆ ಹೊಂಟಿತ್ತು. ಬಿಟ್ ನಿಲ್ಲೂದಿಲ್ಲ, ಡೊಂಕ ತಿರುಗ್ತದ, ಕೆಟ್ಟದ ಅಂದರು. ತೂಕದ ರೊಕ್ಕ ಕೊಟ್ಟು ನಾನೇ ಇಟ್ಟುಕೊಂಡೆ. ಕೆಟ್ಟದ್ದು ಬಾಯಿ ಮಾತ್ರ. ಟೊಪ್ಪಿಗೆ ಪೂರ್ತಿ ತಿರುವಿ ಬಿಚ್ಚಿದ್ರ ಮೂರು ಹಲ್ಲು ಕೈಗೆ ಬಂದವು. ಅವುಗಳ ನಡುವೆ ಗೋಧಿ ಕಾಳಿನಷ್ಟು ಮೂರು ಸ್ಪ್ರಿಂಗ್ ಇರಬೇಕು, ಒಂದು ಮುರಿದಿತ್ತು, ಎರಡು ಇರಲೇ ಇಲ್ಲ. ಟೊಪ್ಪಿಗೆ ಬಿಗಿ ಮಾಡಿದಾಗ ಹಲ್ಲುಗಳು ಒಳಗಿನ ಇಳಿಜಾರಿಗೆ ಒತ್ತಿ ಹತ್ತಿರ ಬರ್ತಾವ. ಸಡಿಲ ಮಾಡಿದ್ರ ಅವನ್ನು ಅಗಲಿಸೋದು ಸ್ಪ್ರಿಂಗ್. ಅದಿಲ್ಲದಾಗ ಒಂದು ಹಲ್ಲು ಮುಂದ, ಒಂದು ಹಿಂದ, ಬಿಟ್ ನಡುವಿಗೆ ನಿಲ್ಲೋದು ಎಲ್ಲಿಂದ?

ಎರಡು ದಿನ ಸೀಮೆಎಣ್ಣೆಯಲ್ಲಿ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದೆ. ಬಾಲ್‌ಪೆನ್ನಿನ ಸ್ಪ್ರಿಂಗ್ ಮೂರು ತುಂಡು ಕತ್ತರಿಸಿದೆ. ಮೂರೂ ಒಂದೇ ಉದ್ದ ಇರಬೇಕು, ಇಲ್ಲಂದ್ರ ಮತ್ತ ಅದೇ ಡೊಂಕು. ಹಲ್ಲಿನ ಬದಿಯ ತೂತುಗಳಲ್ಲಿ ಅವನ್ನು ಕೂಡಿಸಿ, ಮೂರನ್ನೂ ಬೆರಳಿನಿಂದ ಒತ್ತಿ ಹಿಡಿದು, ಟೊಪ್ಪಿಗೆ ಮೇಲಿಂದ ಇಳಿಸಿದೆ. ಗ್ರೀಸ್ ಕೊಂಚವೇ, ಹೆಚ್ಚಾದ್ರ ಮರದ ಪುಡಿ ಮೆತ್ತಿಕೊಳ್ತದ.

ಇಷ್ಟಕ್ಕ ಇಷ್ಟು ಯಾಕ ಅಂತ ಮಾಸ್ತರರು ಕೇಳಬಹುದು. ಕೂರಿಗೆಯ ಬಟ್ಟಲಿಗೆ ಬೀಜ ಇಳಿಯುವ ತೂತು ಹಾಕಿದ್ದು ಇಂಥದ್ದರಿಂದಲೇ. ಒಂದು ತೂತು ಹಿಗ್ಗಿದ್ರ ಆ ಸಾಲಿನ ಹಿಂಗಾರಿ ಜ್ವಾಳ ಒತ್ತೊತ್ತಾಗ್ತದ, ಪಕ್ಕದ ಸಾಲು ಬರಿದು. ಈಗ ಟ್ರ್ಯಾಕ್ಟರ್ ಬಿತ್ತುತ್ತದ, ಕೂರಿಗೆ ಮಾಡಿಸುವವರಿಲ್ಲ. ನನ್ನ ಏಕತಾರಿಯ ಬಿರಡೆಗೆ ಮಾತ್ರ ಹೋದ ವಾರ ಹೊಸ ತೂತು ಬೇಕಾಗಿತ್ತು. ಕರೆಂಟ್ ಡ್ರಿಲ್ ಹಚ್ಚಿದ್ರ ಆ ಒಣ ಬಿದಿರು ಸೀಳ್ತಿತ್ತು. ಕಾಕಾನ ಬೈರಿಗೆ ಮೆಲ್ಲಗ ತಿರುವಿದೆ, ಪುಡಿ ಉದುರಿತು, ಬಿರಡೆ ಬಿಗಿಯಾಗಿ ಕುಂತಿತು.