ದೆವ್ವದ ಭಾಷೆ

'ನಾ ನಿನ್ನ ಬಿಡಲಾರೆ' ಚಿತ್ರ ತೆರೆಗೆ ಬಂದದ್ದು ೧೯೭೯ರಲ್ಲಿ. ವಿಜಯ್ ಅವರ ನಿರ್ದೇಶನ, ರಾಜನ್-ನಾಗೇಂದ್ರರ ಸಂಗೀತ, ಅನಂತನಾಗ್ ಮತ್ತು ಲಕ್ಷ್ಮಿ ಗಂಡ ಹೆಂಡತಿ. ಬದುಕಿದ್ದಾಗ ದಕ್ಕದ ಗಂಡಸನ್ನು ಸತ್ತಮೇಲಾದರೂ ಪಡೆಯಬೇಕೆಂದು ಹೊರಟ ಹೆಣ್ಣಿನ ಪ್ರೇತವೊಂದು ಅವನ ಹೆಂಡತಿಯ ಮೈಮೇಲೆ ಬರುವುದು ಕಥೆ. ಎರಡು ವರ್ಷದ ನಂತರ ಇದೇ ಕಥೆ ಹಿಂದಿಯಲ್ಲಿ 'ಮಂಗಳಸೂತ್ರ'ವಾಯಿತು. ಅಲ್ಲಿಯೂ ಅನಂತನಾಗರೇ ನಾಯಕ, ಹೆಂಡತಿಯಾದವಳು ರೇಖಾ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಆ ಚಿತ್ರ ಮಾಡಿದ ಪರಿಣಾಮವನ್ನು ಮಾತ್ರ ಯಾವ ಸಿನಿಮಾ ಚರಿತ್ರೆಯೂ ಬರೆದಿಟ್ಟ ಹಾಗಿಲ್ಲ. ರಾತ್ರಿ ಪಾಳಿಗೆ ಹೊರಟ ಗಂಡನನ್ನು ಬಾಗಿಲವರೆಗೆ ಕಳಿಸಿ, ಚಿಲಕ ಹಾಕಿ, ಹಾಸಿಗೆಯಿಂದೆದ್ದು ಬಂದು ಚಿಲಕ ಬಿದ್ದಿದೆಯೇ ಎಂದು ಮತ್ತೊಮ್ಮೆ ಮುಟ್ಟಿ ನೋಡಿದ ಹೆಂಗಸರು ಕಡಿಮೆಯೇನಿರಲಿಲ್ಲ.

ದೆವ್ವದ ಚಿತ್ರಕ್ಕೆ ಹೆಚ್ಚು ದುಡ್ಡು ಬೇಡ. ಒಂದು ಮನೆ, ಒಂದು ಬಾಗಿಲು, ಒಂದಿಷ್ಟು ಕತ್ತಲೆ, ಹೆದರಲು ನಾಲ್ಕು ಜನ. ಹಿಂದಿಯ ರಾಮ್ಸೆ ಸೋದರರು ೧೯೭೨ರಲ್ಲಿ ಮಹಾಬಳೇಶ್ವರಕ್ಕೆ ಸಂಸಾರ ಸಮೇತ ಹೋಗಿ 'ದೋ ಗಜ್ ಜಮೀನ್ ಕೆ ನೀಚೆ' ತೆಗೆದುಕೊಂಡು ಬಂದರು. ಅಮೆರಿಕದ ಓರೆನ್ ಪೇಲಿ ಎಂಬಾತ 'ಪ್ಯಾರಾನಾರ್ಮಲ್ ಆಕ್ಟಿವಿಟಿ'ಯನ್ನು ತನ್ನ ಸ್ವಂತ ಮನೆಯಲ್ಲೇ, ಸುಮಾರು ೧೫ ಸಾವಿರ ಡಾಲರಿನಲ್ಲಿ, ಒಂದು ವಾರದಲ್ಲಿ ಮುಗಿಸಿದ. ನಮ್ಮ ಉಪೇಂದ್ರ ತಮ್ಮ ಎರಡನೆಯ ಚಿತ್ರ 'ಶ್!'ನಲ್ಲಿ (೧೯೯೩) ಇನ್ನೂ ಜಾಣತನ ತೋರಿ, ಸಿನಿಮಾ ತಂಡವನ್ನೇ ದೆವ್ವದ ಬಾಯಿಗೆ ಕೊಟ್ಟರು.

ಮಲೆನಾಡಿನ ಹಳೆಯ ಚೌಕಿಮನೆಯಲ್ಲಿ ದೆವ್ವಕ್ಕೆ ಬೇಕಾದಷ್ಟು ಜಾಗವಿತ್ತು. ಅಟ್ಟವಿತ್ತು, ಹಿತ್ತಲಿತ್ತು, ದೀಪ ಹಿಡಿದೇ ಹೋಗಬೇಕಾದ ಬಚ್ಚಲಿತ್ತು. ಶಿವಮೊಗ್ಗದ ಕೋಟೆಯ ಕಡೆಗಿದ್ದ ನಮ್ಮ ಅಜ್ಜನ ಮನೆಯೂ ಅಂಥದೇ. ಆದರೆ ನಮ್ಮ ವಂಶಕ್ಕೆ ದೆವ್ವ ಬಂದದ್ದು ಅಲ್ಲಲ್ಲ; ಅಟ್ಟವೂ ಇಲ್ಲದ, ಎರಡು ಕೋಣೆಯ, ಸಾಲಾಗಿ ಒಂದೇ ಅಚ್ಚಿನಲ್ಲಿ ಕಟ್ಟಿದ ಭದ್ರಾವತಿಯ ಕ್ವಾರ್ಟರ್ಸಿಗೆ.

ಭದ್ರಾವತಿ ಎಂಥ ಊರೆಂದು ಹೊರಗಿನವರಿಗೆ ಸ್ವಲ್ಪ ಹೇಳಬೇಕು. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ೧೯೨೩ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು, ೧೯೩೬ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಕೆಲಸ ಹುಡುಕಿಕೊಂಡು ತಮಿಳರು ಬಂದರು, ತೆಲುಗರು ಬಂದರು, ಘಟ್ಟದ ಕೆಳಗಿನವರು ಬಂದರು. ಒಂದೇ ಬೀದಿನಲ್ಲಿಯ ಮುಂದೆ ನಾಲ್ಕು ಭಾಷೆಯ ಜಗಳ ಕೇಳಿಸುತ್ತಿತ್ತು.

ನನ್ನ ಚಿಕ್ಕಪ್ಪ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. ೧೯೮೦ರ ಮಳೆಗಾಲದಲ್ಲಿ ಚಿಕ್ಕಮ್ಮನ ಮೈಮೇಲೆ ಬರತೊಡಗಿತು. ಹಲ್ಲು ಕಚ್ಚುವುದು, ಕೂದಲು ಬಿಚ್ಚಿ ಗೋಡೆಗೆ ತಲೆ ಚಚ್ಚಿಕೊಳ್ಳುವುದು, ಆಮೇಲೆ ಗಂಟೆಗಟ್ಟಲೆ ನಿದ್ದೆ. ಎಲ್ಲರೂ ಆಗಷ್ಟೇ ಸಿನಿಮಾ ನೋಡಿದ್ದರಿಂದ ರೋಗ ಗುರುತಿಸುವುದು ಯಾರಿಗೂ ಕಷ್ಟವಾಗಲಿಲ್ಲ. ಶಿವಮೊಗ್ಗದಿಂದ ಅಜ್ಜಿಯನ್ನು ಕರೆತಂದರು. ಎರಡನೆಯ ದಿನವೇ ಅಜ್ಜಿ ಹೆದರಿ ಕೂತರು. ಮೈಮೇಲೆ ಬಂದಾಗ ಸೊಸೆ ತಮಿಳು ಮಾತಾಡುತ್ತಿದ್ದಳು! ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿ ಹುಟ್ಟಿದ ಹುಡುಗಿಗೆ ತಮಿಳೆಲ್ಲಿಂದ ಬರಬೇಕು? ಆ ಮನೆಯಲ್ಲಿ ಹಿಂದೆ ಯಾವಳೋ ತಮಿಳಿನವಳು ಸತ್ತಿರಬೇಕೆಂದು ತೀರ್ಮಾನವಾಯಿತು. ಮಂತ್ರವಾದಿಯೊಬ್ಬ ಬಂದ. ಮೆಣಸಿನಕಾಯಿ ಹೊಗೆ, ಬೇವಿನ ಬರಲಿನ ಏಟು, ನಿಂಬೆಹಣ್ಣು. ಆಗ ನಾನು ಹೈಸ್ಕೂಲಿನಲ್ಲಿದ್ದೆ. ಏಟು ಚಿಕ್ಕಮ್ಮನಿಗಲ್ಲ, ಒಳಗಿರುವವಳಿಗೆ ಎಂದು ನಮಗೆ ಹೇಳುತ್ತಿದ್ದರು. ಬಾಸುಂಡೆ ಮಾತ್ರ ಚಿಕ್ಕಮ್ಮನ ಬೆನ್ನ ಮೇಲೇ ಇತ್ತು.

ಬಿಡಿಸಿದ್ದು ಪಕ್ಕದ ಮನೆಯಾಕೆ. ಹೊಗೆ ತಾಳಲಾರದೆ ಒಂದು ಸಂಜೆ ಒಳಗೇ ನುಗ್ಗಿದರು.

"ಇವಳಿಗೆ ತಮಿಳು ಯಾವಾಗ ಬಂತು, ನೀವೇ ಹೇಳಿ," ಎಂದರು ಅಜ್ಜಿ.

"ನಾನೇ ಕಲಿಸಿದ್ದಮ್ಮಾ. ದಿನಾ ನಮ್ಮನೆ ಮೆಟ್ಟಿಲ ಮೇಲೆ ಕೂತು ಅಕ್ಕಿ ಆರಿಸೋವಾಗ ಕಲ್ತಳು. ಏನಂತಾ ಇದಾಳೆ ಅಂತ ಒಬ್ಬರಾದ್ರೂ ಕೇಳಿದೀರಾ?"

ಚಿಕ್ಕಮ್ಮ ಹೇಳುತ್ತಿದ್ದದ್ದು 'ಎನ್ನೆ ವಿಟ್ಟುಡು' ಎಂದು. ನನ್ನನ್ನು ಬಿಟ್ಟುಬಿಡು ಎಂದರ್ಥ. ಒಂದೂವರೆ ವರ್ಷದಲ್ಲಿ ಎರಡು ಸಲ ಗರ್ಭ ಇಳಿದುಹೋಗಿತ್ತು. ತವರಿಗೆ ಹೋಗಿ ಬರುತ್ತೇನೆಂದು ಕನ್ನಡದಲ್ಲಿ ಎಷ್ಟೋ ಸಲ ಕೇಳಿದ್ದಳಂತೆ. ಪಾಳಿ ಕೆಲಸದವನ ಅಡುಗೆಗೆ ಯಾರು ಎಂಬ ಉತ್ತರ ಬಂದಿತ್ತು. ಆ ವಾರವೇ ಕಳಿಸಿಕೊಟ್ಟರು. ನಾಲ್ಕು ತಿಂಗಳ ನಂತರ ಮೈಕೈ ತುಂಬಿಕೊಂಡು ಬಂದಳು. ಮತ್ತೆ ಯಾವ ದೆವ್ವವೂ ಅವಳ ಹತ್ತಿರ ಸುಳಿಯಲಿಲ್ಲ.

ಈ ಭಾಷೆಯ ವಿಚಾರ ನನ್ನನ್ನು ಮತ್ತೆ ಕೆಣಕಿದ್ದು ೨೦೦೪ರಲ್ಲಿ, 'ಆಪ್ತಮಿತ್ರ' ನೋಡಿದಾಗ. ಹಳೆಯ ಅರಮನೆಯಂಥ ಮನೆ ಕೊಂಡ ಸಂಸಾರ. ಗಂಗಾ ಎಂಬ ಸೊಸೆ ತಾನೇ ನಾಗವಲ್ಲಿ ಎಂದುಕೊಂಡು ತೆಲುಗಿನಲ್ಲಿ ಅಬ್ಬರಿಸುತ್ತಾಳೆ. ಮೂಲ ಮಲಯಾಳಂ ಚಿತ್ರ 'ಮಣಿಚಿತ್ರತ್ತಾಳ್'ನಲ್ಲಿ (೧೯೯೩) ಅದೇ ನಾಗವಲ್ಲಿ ತಂಜಾವೂರಿನ ತಮಿಳಿನವಳು. ನೋಡಿ, ಮಲಯಾಳಿಗಳ ದೆವ್ವ ತಮಿಳು ಆಡುತ್ತದೆ, ಕನ್ನಡಿಗರದು ತೆಲುಗು! ಮನೆಮಾತಿನಲ್ಲಿ ಯಾರ ದೆವ್ವವೂ ಬೈಯುವುದಿಲ್ಲ. ಸೊಸೆ ನಮ್ಮ ಭಾಷೆಯಲ್ಲಿ ಸಿಟ್ಟುಮಾಡಿದರೆ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ. ಬೇರೆ ಭಾಷೆಯಲ್ಲಾದರೆ ಮಂತ್ರವಾದಿಯನ್ನು ಕರೆದರಾಯಿತು. 'ಆಪ್ತಮಿತ್ರ' ಇದನ್ನು ಮನೋರೋಗವೆಂದು ಕರೆದದ್ದು ದೊಡ್ಡ ಮಾತೇ. ಆದರೂ ಆ ಡಾಕ್ಟರು ಕೊನೆಗೆ ಮಂತ್ರವಾದಿಯ ಮಂಡಲದ ನಾಟಕ ಹೂಡಿಯೇ ವಾಸಿ ಮಾಡಬೇಕಾಗುತ್ತದೆ.

ದೆವ್ವವೇ ಇಲ್ಲದ ದೆವ್ವದ ಚಿತ್ರವೊಂದು ನಮ್ಮ ಜಿಲ್ಲೆಯವರಿಂದಲೇ ಬಂದಿತ್ತು. ತೀರ್ಥಹಳ್ಳಿ ಸೀಮೆಯ ಅನಂತಮೂರ್ತಿಯವರ ಕಥೆ, ಅದೇ ಸೀಮೆಯ ಗಿರೀಶ ಕಾಸರವಳ್ಳಿಯವರ ನಿರ್ದೇಶನದ 'ಘಟಶ್ರಾದ್ಧ' (೧೯೭೭). ಕಪ್ಪು ಬಿಳುಪು, ಕಡಿಮೆ ಖರ್ಚು, ಸ್ವರ್ಣಕಮಲ ಪ್ರಶಸ್ತಿ. ವಿಧವೆ ಯಮುನಾ ಬಸುರಾದಳೆಂದು ಹೆತ್ತ ತಂದೆಯೇ ಬದುಕಿದ್ದವಳ ಶ್ರಾದ್ಧ ಮಾಡಿ ಮುಗಿಸುತ್ತಾನೆ. ಸತ್ತವಳು ಬಂದು ಕಾಡುವ ಚಿತ್ರ ನೋಡಿ ನಾವು ಚಿಲಕ ಹಾಕಿಕೊಂಡೆವು. ಬದುಕಿರುವವಳನ್ನು ಮನೆಯವರೇ ಪ್ರೇತ ಮಾಡುವ ಈ ಚಿತ್ರಕ್ಕೆ ನಮ್ಮ ಬೀದಿಯ ಯಾರೂ ಹೆದರಲಿಲ್ಲ, ಏಕೆಂದರೆ ಯಾರೂ ನೋಡಿರಲಿಲ್ಲ. ೨೦೨೪ರಲ್ಲಿ ಅದರ ಸರಿಪಡಿಸಿದ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತೆಂದು ಓದಿ ಸಂತೋಷಪಟ್ಟೆ.

೨೦೧೫ರ ಸುಮಾರಿಗೆ ಕಾಗದದ ಕಾರ್ಖಾನೆ ನಿಂತ ಮೇಲೆ ಅದರ ಕ್ವಾರ್ಟರ್ಸುಗಳು ಒಂದೊಂದಾಗಿ ಖಾಲಿಯಾದವು. ಕಿಟಕಿಗೆ ಬಳ್ಳಿ ಹಬ್ಬಿದ ಅಂಥದೊಂದು ಮನೆಯ ಮುಂದೆ ಈಚೆಗೆ ಮೂವರು ಹುಡುಗರು ಮೊಬೈಲಿನಲ್ಲಿ ಕಿರುಚಿತ್ರ ತೆಗೆಯುತ್ತಿದ್ದರು. ಬಿಳಿ ಸೀರೆ ಉಟ್ಟ ನಾಲ್ಕನೆಯವನು ಜಗಲಿಯ ಮೇಲೆ ಕೂತು ಬನ್ ತಿನ್ನುತ್ತಿದ್ದ. ದೆವ್ವ ಯಾರಪ್ಪಾ ಎಂದು ಕೇಳಿದೆ.

"ಈ ಮನೇಲಿದ್ದ ಸೊಸೆ ಸಾರ್."

"ಯಾಕೆ ಸತ್ತಳು?"

ಹುಡುಗರು ಮುಖ ಮುಖ ನೋಡಿಕೊಂಡರು. "ಅದನ್ನಿನ್ನೂ ಬರೆದಿಲ್ಲ ಸಾರ್," ಎಂದ ಮೊಬೈಲು ಹಿಡಿದವನು.