ತಿಗಣೆ ತಂದವರು ಯಾರು?

ಬೇಸಿಗೆ ರಜೆಯಲ್ಲಿ ನಾವು ಮನೆಮಂದಿ ನಾಲ್ವರು ಮಲೆನಾಡಿನ ಒಂದು ಬಾಡಿಗೆ ಮನೆಯಲ್ಲಿ ಎರಡು ರಾತ್ರಿ ತಂಗಿದ್ದೆವು. ಮೊದಲ ರಾತ್ರಿ ಕಳೆದು ಬೆಳಗಾದಾಗ ಮಗಳ ತೋಳಿನ ಮೇಲೆ ಸಾಲಾಗಿ ಮೂರು ಕೆಂಪು ಗುಳ್ಳೆಗಳು. ಅದೇ ಹಾಸಿಗೆಯಲ್ಲಿ ಮಲಗಿದ್ದ ಅವಳ ತಾಯಿಗೆ ಏನೂ ಆಗಿರಲಿಲ್ಲ. ಸೊಳ್ಳೆಯಿರಬೇಕು ಎಂದೆ ನಾನು. ತಿಗಣೆಯಿರಬಹುದು ಎಂದಳು ಪತ್ನಿ. ಆ ಮಾತು ಕಿವಿಗೆ ಬಿದ್ದದ್ದೇ ತಡ, ಮನೆಯ ಯಜಮಾನರ ಮುಖ ಕೆಂಪಾಯಿತು. "ನಮ್ಮಲ್ಲಿ ಅಂಥದ್ದೆಲ್ಲ ಇಲ್ಲ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಕಳೆದ ವಾರ ರಸ್ತೆ ಕೆಲಸದ ಹೊರರಾಜ್ಯದ ಕೂಲಿಗಳು ನಾಲ್ಕು ದಿನ ಇಲ್ಲಿದ್ದರು. ಅವರೇ ತಂದಿರಬೇಕು" ಎಂದು ಸೇರಿಸಿದರು. ತಿಗಣೆ ಇನ್ನೂ ಸಿಕ್ಕಿರಲಿಲ್ಲ. ಆದರೆ ಅದನ್ನು ತಂದವನು ಆಗಲೇ ಸಿಕ್ಕಿಬಿಟ್ಟಿದ್ದ!

ಊರಿಗೆ ಮರಳಿದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ತಿಗಣೆಯ ಚರಿತ್ರೆಯನ್ನು ಕೆದಕಿದಾಗ ಒಂದು ಸಂಗತಿ ಸ್ಪಷ್ಟವಾಯಿತು. ಮನುಷ್ಯನಿಗೆ ಈ ಕೀಟದ ಪರಿಚಯ ಎಷ್ಟು ಹಳೆಯದೋ, ಅದನ್ನು ಇನ್ನೊಬ್ಬರ ತಲೆಗೆ ಕಟ್ಟುವ ಚಾಳಿಯೂ ಬಹುಮಟ್ಟಿಗೆ ಅಷ್ಟೇ ಹಳೆಯದು.

ತಿಗಣೆಗಳ ವಂಶ ಮನುಷ್ಯನಿಗಿಂತ ಬಹಳ ಹಿಂದಿನದು. 2019ರಲ್ಲಿ ಪ್ರಕಟವಾದ ಒಂದು ವಂಶವಾಹಿ ಅಧ್ಯಯನ ಅದನ್ನು ಸುಮಾರು 11.5 ಕೋಟಿ ವರ್ಷಗಳಷ್ಟು ಹಿಂದಕ್ಕೆ ಒಯ್ದಿದೆ. ಗುಹೆಗಳಲ್ಲಿ ಬಾವಲಿಗಳ ರಕ್ತ ಹೀರುತ್ತಿದ್ದ ತಿಗಣೆಗಳಲ್ಲಿ ಒಂದು ಕವಲು ಮನುಷ್ಯನನ್ನು ಹಿಡಿದುಕೊಂಡಿತು. ಅವನು ಗುಹೆ ಬಿಟ್ಟು ಮನೆ ಕಟ್ಟಿದಾಗ ಅದೂ ಜೊತೆಗೆ ಬಂದಿತು, ಊರು ನಗರವಾಗಿ ಬೆಳೆದಾಗ ತಾನೂ ಬೆಳೆಯಿತು. ಈಜಿಪ್ಟಿನ ಅಮರ್ನಾದಲ್ಲಿ ಕೂಲಿಕಾರರು ವಾಸವಾಗಿದ್ದ ಹಳ್ಳಿಯನ್ನು ಉತ್ಖನನ ಮಾಡಿದಾಗ, ಮೂರು ಸಾವಿರ ವರ್ಷಗಳಿಗೂ ಹಳೆಯದಾದ ತಿಗಣೆಯ ಅವಶೇಷಗಳು ದೊರೆತಿವೆ. ಇಂದು ಮನುಷ್ಯನನ್ನು ಕಾಡುವ ಮುಖ್ಯ ಜಾತಿಗಳು ಎರಡು. ತಂಪು ದೇಶಗಳಲ್ಲಿ ಹೆಚ್ಚಾಗಿರುವುದು ಒಂದಾದರೆ, ನಮ್ಮಂಥ ಬಿಸಿ ದೇಶಗಳಲ್ಲಿ ಹೆಚ್ಚಾಗಿರುವುದು ಇನ್ನೊಂದು.

ರೆಕ್ಕೆಯಿಲ್ಲದ, ಹಾರಲಾಗದ, ಜಿಗಿಯಲೂ ಆಗದ ಈ ಜೀವಿ ಜಗತ್ತನ್ನೇ ಸುತ್ತಿದ್ದು ಹೇಗೆ? ಉತ್ತರ ಸುಲಭ. ನಮ್ಮ ಗಂಟುಮೂಟೆಯಲ್ಲಿ. ಆದ್ದರಿಂದಲೇ ತಿಗಣೆಯ ಚರಿತ್ರೆ ಎಂದರೆ ಛತ್ರ, ಸರಾಯಿ, ಹಡಗು, ರೈಲು, ವಸತಿಗೃಹಗಳ ಚರಿತ್ರೆಯೂ ಹೌದು.

ಕ್ರಿ.ಪೂ. 405ರಲ್ಲಿ ಅಥೆನ್ಸಿನಲ್ಲಿ ಪ್ರದರ್ಶನಗೊಂಡ ಅರಿಸ್ಟೋಫೇನಿಸನ 'ಕಪ್ಪೆಗಳು' ನಾಟಕದಲ್ಲಿ ಡಯೋನೈಸಸ್ ದೇವತೆ ಪಾತಾಳಕ್ಕೆ ಹೊರಟು ನಿಲ್ಲುತ್ತಾನೆ. ಅಲ್ಲಿಗೆ ಮೊದಲೇ ಹೋಗಿ ಬಂದಿದ್ದ ಹೆರಾಕ್ಲಿಸನಲ್ಲಿ ದಾರಿ ಕೇಳುವಾಗ, ತಿಗಣೆ ಕಡಿಮೆಯಿರುವ ತಂಗುಮನೆಗಳು ಯಾವುವು ಎಂದೂ ವಿಚಾರಿಸುತ್ತಾನೆ. ದೇವತೆಗೂ ಬಿಡದ ಚಿಂತೆ! ಕ್ರೈಸ್ತರ ಹಳೆಯ ಕಥನಗಳಲ್ಲೊಂದಾದ 'ಯೋಹಾನನ ಕೃತ್ಯಗಳು' ಎಂಬ ಗ್ರಂಥದಲ್ಲಿಯೂ ಇಂಥದೊಂದು ಪ್ರಸಂಗವಿದೆ. ಎಫೆಸಸಿನ ದಾರಿಯಲ್ಲಿ ಒಂದು ಛತ್ರದಲ್ಲಿ ಮಲಗಿದ ಯೋಹಾನನಿಗೆ ತಿಗಣೆಗಳ ಕಾಟದಿಂದ ನಿದ್ದೆ ಬರಲಿಲ್ಲ. ಇಂದೊಂದು ರಾತ್ರಿ ಹೊರಗಿರಿ ಎಂದು ಅವುಗಳಿಗೆ ಆಜ್ಞಾಪಿಸಿದ. ಬೆಳಗ್ಗೆ ನೋಡಿದರೆ ಅವೆಲ್ಲ ಬಾಗಿಲ ಬಳಿ ಗುಂಪುಗೂಡಿ ಕಾದು ನಿಂತಿದ್ದವು. ಮಾತು ಉಳಿಸಿಕೊಂಡ ಅವುಗಳಿಗೆ ತಮ್ಮ ಜಾಗಕ್ಕೆ ಮರಳಲು ಅವನು ಅನುಮತಿ ಕೊಟ್ಟನಂತೆ.

ನಮ್ಮ ನೆಲದ ಕಥೆ ಇದಕ್ಕಿಂತ ಕಟುವಾದದ್ದು. ಪಂಚತಂತ್ರದಲ್ಲಿ ರಾಜನ ಹಾಸಿಗೆಯ ಮಡಿಕೆಯಲ್ಲಿ ಒಂದು ಹೇನು ಬಹುಕಾಲದಿಂದ ಯಾರಿಗೂ ತಿಳಿಯದಂತೆ ಬದುಕಿರುತ್ತದೆ. ಒಂದು ದಿನ ತಿಗಣೆಯೊಂದು ಅತಿಥಿಯಾಗಿ ಬರುತ್ತದೆ. ರಾಜನಿಗೆ ಗಾಢ ನಿದ್ದೆ ಬಂದ ಮೇಲೆ ಮಾತ್ರ ಕಚ್ಚಬೇಕು ಎಂಬ ಷರತ್ತಿನ ಮೇಲೆ ಹೇನು ಅದಕ್ಕೆ ಜಾಗ ಕೊಡುತ್ತದೆ. ತಾಳ್ಮೆಯಿಲ್ಲದ ತಿಗಣೆ ಬೇಗನೆ ಕಚ್ಚಿ, ರಾಜ ಎಚ್ಚರಗೊಂಡು, ಸೇವಕರು ದೀಪ ಹಿಡಿದು ಹುಡುಕುತ್ತಾರೆ. ಕಚ್ಚಿದ ತಿಗಣೆ ಮಂಚದ ಸಂದಿಗೆ ಸರಿದುಕೊಳ್ಳುತ್ತದೆ. ಕೈಗೆ ಸಿಕ್ಕಿದ ಹೇನು ಸಾಯುತ್ತದೆ. ಈ ಗ್ರಂಥ 6ನೆಯ ಶತಮಾನದಲ್ಲಿ ಪಹ್ಲವಿ ಭಾಷೆಗೆ, 8ನೆಯ ಶತಮಾನದಲ್ಲಿ ಇಬ್ನುಲ್ ಮುಖಫ್ಫಾನ ಲೇಖನಿಯಿಂದ 'ಕಲೀಲ ವ ದಿಮ್ನ' ಎಂಬ ಹೆಸರಿನಲ್ಲಿ ಅರಬಿಗೆ ಹೋಯಿತು. ಅರಬಿಯಲ್ಲಿ ಬಂದ ಅತಿಥಿ ತಿಗಣೆಯಲ್ಲ, ಚಿಗಟ. ಕೀಟ ಬದಲಾಯಿತು, ನ್ಯಾಯ ಬದಲಾಗಲಿಲ್ಲ. ಅಲ್ಲಿಯೂ ಸತ್ತದ್ದು ಹೇನೇ. ಅಪರಿಚಿತರ ಸಹವಾಸ ಬೇಡ ಎಂಬುದು ಕಥೆ ಹೇಳುವ ನೀತಿ. ಆದರೆ ಅವಸರದಲ್ಲಿ ದೀಪ ಹಿಡಿದವರ ಕೈಗೆ ಅಪರಾಧಿ ಸಿಗುವುದಿಲ್ಲ ಎಂಬ ನೀತಿಯೂ ಅದರಲ್ಲಿದೆಯಲ್ಲವೇ?

ಸಂಶಯಕ್ಕೂ ಭಯಕ್ಕೂ ಇರುವ ನಂಟನ್ನು ತೋರಿಸುವ ಒಂದು ಘಟನೆ 1583ರಲ್ಲಿ ಲಂಡನ್ನಿನ ಬಳಿಯ ಮಾರ್ಟ್‌ಲೇಕ್ ಎಂಬ ಊರಿನಲ್ಲಿ ನಡೆಯಿತು. ಇಬ್ಬರು ಶ್ರೀಮಂತ ಮನೆತನದ ಮಹಿಳೆಯರ ಮೈಮೇಲೆ ಕೆಂಪು ಗುಳ್ಳೆಗಳೆದ್ದವು. ಪ್ಲೇಗ್ ಬಂತೆಂದು ಅವರು ಕಂಗಾಲಾದರು. ಕೀಟಗಳ ಅಧ್ಯಯನದಲ್ಲಿ ಆಸಕ್ತನಾಗಿದ್ದ ವೈದ್ಯ ಥಾಮಸ್ ಪೆನ್ನಿಯನ್ನು ತುರ್ತಾಗಿ ಕರೆಸಲಾಯಿತು. ಅವನು ಹುಡುಕಿ ತಿಗಣೆಗಳನ್ನು ತೋರಿಸಿದ. ಎಲ್ಲರೂ ನಕ್ಕು ಭಯ ನಿವಾರಿಸಿಕೊಂಡರು. ಪೆನ್ನಿ ಮಾಡಿದ್ದು ಇಷ್ಟೇ, ಊಹಿಸುವ ಮೊದಲು ನೋಡಿದ.

ಮುಂದೆ 1730ರಲ್ಲಿ ಜಾನ್ ಸೌಥಾಲ್ ಎಂಬಾತ ತಿಗಣೆಗಳ ಬಗ್ಗೆಯೇ ಲಂಡನ್ನಿನಲ್ಲಿ ಒಂದು ಪುಸ್ತಕ ಬರೆದ. 1666ರ ಮಹಾ ಅಗ್ನಿಕಾಂಡದ ನಂತರ ನಗರವನ್ನು ಮತ್ತೆ ಕಟ್ಟಲು ಹೊರದೇಶದಿಂದ ತಂದ ಮರದ ದಿಮ್ಮಿಗಳಲ್ಲಿ ತಿಗಣೆ ಬಂತೆಂಬುದು ಅವನ ವಾದ. ಫ್ರಾನ್ಸಿನಲ್ಲಿ ಮತೀಯ ಕಿರುಕುಳಕ್ಕೆ ಒಳಗಾಗಿ ಓಡಿಬಂದ ಹ್ಯೂಗನಾಟ್ ನಿರಾಶ್ರಿತರ ಗಂಟುಗಳಲ್ಲಿ ಬಂತೆಂಬ ಕಥೆಯೂ ಇಂಗ್ಲೆಂಡಿನಲ್ಲಿ ಹರಡಿತ್ತು. ಮಾರ್ಟ್‌ಲೇಕಿನ ತಿಗಣೆಗಳು ಅಗ್ನಿಕಾಂಡಕ್ಕಿಂತ 83 ವರ್ಷ ಮೊದಲೇ ಅಲ್ಲಿದ್ದವು ಎಂಬುದನ್ನು ಈ ಕಥೆ ಹೇಳುವವರು ನೆನೆಯಲಿಲ್ಲ. ಇನ್ನೊಂದು ಸ್ವಾರಸ್ಯವಿದೆ. ಸೌಥಾಲ್ ಮಾರುತ್ತಿದ್ದ ತಿಗಣೆ ನಾಶಕ ದ್ರಾವಣದ ಗುಟ್ಟು ಅವನದಲ್ಲ. ಜಮೈಕಾದಲ್ಲಿ ಒಬ್ಬ ವೃದ್ಧ ಕಪ್ಪು ಮನುಷ್ಯನಿಂದ ಅದನ್ನು ಕಲಿತೆನೆಂದು ಅವನೇ ಬರೆದಿದ್ದಾನೆ. ರೋಗ ತಂದವನು ಹೊರಗಿನವನು ಎಂದು ಹೇಳಿದ ಊರಿಗೆ ಮದ್ದೂ ಹೊರಗಿನವನಿಂದಲೇ ಬಂದಿತ್ತು.

ತಿಗಣೆ ಬಡವರ ಕೊಳೆಯ ಗುರುತು ಎಂಬ ನಂಬಿಕೆಯೂ ನಿಲ್ಲುವುದಿಲ್ಲ. 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ರಾಜಮನೆತನಕ್ಕೇ ತಿಗಣೆ ಹಿಡಿಯುವ ಟಿಫಿನ್ ಎಂಬ ಗುತ್ತಿಗೆದಾರನಿದ್ದ. ರಾಜಕುಮಾರಿ ಷಾರ್ಲೆಟ್‌ಳ ಮಂಚದಲ್ಲಿಯೂ ತಾನು ತಿಗಣೆ ಹಿಡಿದೆನೆಂದು ಅವನು ಪತ್ರಕರ್ತ ಹೆನ್ರಿ ಮೇಹ್ಯೂಗೆ ಹೇಳಿಕೊಂಡಿದ್ದಾನೆ. ತಿಗಣೆಗೆ ಬೇಕಾದದ್ದು ಕೊಳೆಯಲ್ಲ, ರಕ್ತ. ಅದು ಸಿಂಹಾಸನದ ಮೇಲೆ ಕುಳಿತವರಲ್ಲಿಯೂ ಇರುತ್ತದೆ. ವ್ಯತ್ಯಾಸವೇನೆಂದರೆ ಅರಮನೆಗೆ ಗುತ್ತಿಗೆದಾರ ಬರುತ್ತಾನೆ, ಗುಡಿಸಲಿಗೆ ಬರುವುದಿಲ್ಲ.

ನಮ್ಮಲ್ಲಿ ತಿಗಣೆಯ ಜೊತೆಗಿನ ಹೋರಾಟ ಮನೆಮನೆಯ ಮಾತಾಗಿತ್ತು. ಮಂಚವನ್ನು ಅಂಗಳಕ್ಕೆ ಎಳೆದು ಬಿಸಿಲಿಗೆ ಹಾಕುವುದು, ಸಂದಿಗೆ ಕುದಿಯುವ ನೀರು ಸುರಿಯುವುದು, ಮಂಚದ ಕಾಲುಗಳ ಕೆಳಗೆ ಸೀಮೆಎಣ್ಣೆಯ ಬಟ್ಟಲಿಡುವುದು ಇವೆಲ್ಲ ಹಿರಿಯರಿಗೆ ನೆನಪಿರಬಹುದು. ಟೂರಿಂಗ್ ಟಾಕೀಸಿನ ಕುರ್ಚಿ, ವಿದ್ಯಾರ್ಥಿನಿಲಯದ ಮಂಚ, ರೈಲಿನ ಮರದ ಬೆಂಚು ಇವು ತಿಗಣೆಯ ತವರುಮನೆಗಳಾಗಿದ್ದವು. ಬಾಲ್ಕನ್ ದೇಶಗಳಲ್ಲಿ ಹುರುಳಿಕಾಯಿ ಗಿಡದ ಎಲೆಗಳನ್ನು ರಾತ್ರಿ ಮಂಚದ ಸುತ್ತ ಹರಡಿ, ಬೆಳಗ್ಗೆ ತಿಗಣೆ ಸಹಿತ ಗುಡಿಸಿ ಸುಡುತ್ತಿದ್ದರು. ಇದು ಮೂಢನಂಬಿಕೆಯಲ್ಲ. ಎಲೆಯ ಮೇಲಿನ ಕೊಕ್ಕೆಯಂಥ ಸೂಕ್ಷ್ಮ ರೋಮಗಳು ತಿಗಣೆಯ ಪಾದವನ್ನೇ ಚುಚ್ಚಿ ಹಿಡಿಯುತ್ತವೆಂದು 2013ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿಕೊಟ್ಟರು.

ತಿಗಣೆಯ ಮೇಲೂ ಒಂದು ಸುಳ್ಳು ಆರೋಪವಿತ್ತು ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಅಸ್ಸಾಂ, ಬಂಗಾಳ, ಮದರಾಸುಗಳಲ್ಲಿ ಜನರನ್ನು ಬಲಿ ತೆಗೆದುಕೊಳ್ಳುತ್ತಿದ್ದ ಕಾಲಾ ಅಜಾರ್ ರೋಗವನ್ನು ತಿಗಣೆಯೇ ಹರಡುತ್ತದೆಂದು ಮದರಾಸಿನಲ್ಲಿ ಸಂಶೋಧನೆ ನಡೆಸಿದ ಪ್ಯಾಟನ್ 1907ರ ಸುಮಾರಿಗೆ ವಾದಿಸಿದ. ನಿಜವಾದ ಅಪರಾಧಿ ಮರಳುನೊಣ ಎಂಬುದು ಸಂದೇಹಕ್ಕೆ ಎಡೆಯಿಲ್ಲದಂತೆ ಸಾಬೀತಾದದ್ದು 1942ರಲ್ಲಿ. ತಿಗಣೆ ಕಚ್ಚುತ್ತದೆ, ತುರಿಸುತ್ತದೆ, ನಿದ್ದೆ ಕೆಡಿಸುತ್ತದೆ. ಆದರೆ ನಿತ್ಯಜೀವನದಲ್ಲಿ ಅದು ಮನುಷ್ಯರಿಗೆ ರೋಗ ಹರಡಿದ್ದು ಇಂದಿಗೂ ರುಜುವಾತಾಗಿಲ್ಲ.

ಎರಡನೆಯ ಮಹಾಯುದ್ಧದ ನಂತರ ಡಿಡಿಟಿ ಬಂತು. 1939ರಲ್ಲಿ ಅದರ ಕೀಟನಾಶಕ ಗುಣವನ್ನು ಕಂಡುಹಿಡಿದ ಪೌಲ್ ಮುಲ್ಲರ್‌ಗೆ 1948ರಲ್ಲಿ ನೊಬೆಲ್ ಪ್ರಶಸ್ತಿ ಸಿಕ್ಕಿತು. 1940ರ ದಶಕದ ಕೊನೆಗೆ ನಮ್ಮ ಮಲೆನಾಡಿನಲ್ಲಿಯೂ ಮಲೇರಿಯಾ ವಿರುದ್ಧ ಅದರ ಸಿಂಪರಣೆ ನಡೆಯಿತು. 1953ರಲ್ಲಿ ಅದು ರಾಷ್ಟ್ರೀಯ ಕಾರ್ಯಕ್ರಮವಾಯಿತು. ಸೊಳ್ಳೆಯ ಜೊತೆಗೆ ತಿಗಣೆಯೂ ಸಾಯುತ್ತಿದ್ದುದರಿಂದ ಜನ ಸಂತೋಷದಿಂದ ಬಾಗಿಲು ತೆರೆದರು. ಆದರೆ ಡಿಡಿಟಿಗೆ ಜಗ್ಗದ ತಿಗಣೆಗಳು 1947ರಲ್ಲಿಯೇ ಹವಾಯಿಯ ಪರ್ಲ್ ಹಾರ್ಬರಿನ ಸೈನಿಕ ವಸತಿಗಳಲ್ಲಿ ಕಾಣಿಸಿಕೊಂಡಿದ್ದವು. ನಮ್ಮಲ್ಲಿಯೂ ಹಾಗೆಯೇ ಆಯಿತು. ಮದ್ದು ಹೊಡೆದ ಮೇಲೆ ತಿಗಣೆ ಇನ್ನೂ ಹೆಚ್ಚಾಯಿತೆಂದು ದೂರಿ ಎಷ್ಟೋ ಕಡೆ ಜನ ಸಿಂಪರಣೆಯನ್ನೇ ಬೇಡವೆಂದರು. 1990ರ ದಶಕದ ಕೊನೆಯ ಹೊತ್ತಿಗೆ, ತಿಗಣೆಯನ್ನು ಮರೆತೇಬಿಟ್ಟಿದ್ದ ಶ್ರೀಮಂತ ದೇಶಗಳ ಹೋಟೆಲುಗಳಲ್ಲಿ ಅದು ಮತ್ತೆ ಪ್ರತ್ಯಕ್ಷವಾಯಿತು. ಅಗ್ಗದ ವಿಮಾನಯಾನ, ಹಳೆಯ ಪೀಠೋಪಕರಣಗಳ ವ್ಯಾಪಾರ, ಮದ್ದಿಗೆ ಒಗ್ಗಿಹೋದ ದೇಹ ಎಲ್ಲವೂ ಅದಕ್ಕೆ ನೆರವಾದವು.

2023ರ ಶರತ್ಕಾಲದಲ್ಲಿ ಪ್ಯಾರಿಸ್ ನಗರ ತಿಗಣೆಯ ಭಯದಿಂದ ನಡುಗಿತು. ರೈಲಿನ ಆಸನಗಳಲ್ಲಿ ತಿಗಣೆ ಕಂಡಿತೆಂಬ ದೃಶ್ಯಗಳು ಮೊಬೈಲುಗಳಲ್ಲಿ ಹರಿದಾಡಿದವು. ಸಾರಿಗೆ ಸಂಸ್ಥೆಗಳಿಗೆ ಬಂದ ಹತ್ತಾರು ದೂರುಗಳನ್ನು ಪರಿಶೀಲಿಸಿದಾಗ ಒಂದೂ ಸಾಬೀತಾಗಲಿಲ್ಲವೆಂದು ಸಾರಿಗೆ ಸಚಿವರು ತಿಳಿಸಿದರು. ಮನೆಗಳಲ್ಲಿ ಮಾತ್ರ ತಿಗಣೆ ನಿಜವಾಗಿಯೂ ಇತ್ತು. 2017ರಿಂದ 2022ರ ನಡುವೆ ಫ್ರಾನ್ಸಿನ ಶೇ. 11ರಷ್ಟು ಮನೆಗಳಲ್ಲಿ ತಿಗಣೆ ಕಾಣಿಸಿಕೊಂಡಿತ್ತೆಂದೂ, ಅದಕ್ಕೂ ಮನೆಯವರ ವರಮಾನಕ್ಕೂ ಸಂಬಂಧವಿಲ್ಲವೆಂದೂ ಸರಕಾರಿ ಸಂಸ್ಥೆಯ ವರದಿ ಹೇಳಿತ್ತು. ಆದರೂ ಟಿ.ವಿ. ನಿರೂಪಕನೊಬ್ಬ ಇದಕ್ಕೆ ವಲಸಿಗರು ಕಾರಣವೇ ಎಂದು ಕೇಳಿ ಟೀಕೆಗೆ ಗುರಿಯಾದ. ಉಕ್ರೇನಿನ ನಿರಾಶ್ರಿತರೇ ತಂದರೆಂಬ ಸುಳ್ಳನ್ನೂ ಹರಡಲಾಯಿತು. ಹ್ಯೂಗನಾಟರ ಕಥೆ ಮೂರು ಶತಮಾನಗಳ ನಂತರ ಹೊಸ ಹೆಸರು ತೊಟ್ಟು ಬಂದಿತ್ತು.

ಇದೆಲ್ಲ ಹಾಸ್ಯದ ವಿಷಯವೆಂದು ತಳ್ಳಿಹಾಕುವಂತಿಲ್ಲ. ಮೊದಲು ಒಂದು ಜನಾಂಗ ಕೀಟವನ್ನು ತರುತ್ತದೆ ಎನ್ನುತ್ತಾರೆ, ನಂತರ ಆ ಜನಾಂಗವೇ ಕೀಟ ಎನ್ನುತ್ತಾರೆ. 1920ರ ದಶಕದಲ್ಲಿ ಜರ್ಮನಿಯಲ್ಲಿ ಕಟ್ಟಡ, ಹಡಗು, ಬಟ್ಟೆಬರೆಗಳಲ್ಲಿನ ಕೀಟಗಳನ್ನು ಕೊಲ್ಲಲು ತಯಾರಾದ ಜೈಕ್ಲಾನ್-ಬಿ ಎಂಬ ವಿಷಾನಿಲವನ್ನು 1941ರಿಂದ ಆಶ್ವಿಟ್ಜ್‌ನಲ್ಲಿ ಮನುಷ್ಯರ ಮೇಲೆ ಪ್ರಯೋಗಿಸಲಾಯಿತು. ಯಹೂದಿಗಳನ್ನು ಹೇನು, ಕ್ರಿಮಿ ಎಂದು ವರ್ಷಗಟ್ಟಲೆ ಕರೆದು ಮನಸ್ಸುಗಳನ್ನು ಅದಕ್ಕೆ ಮೊದಲೇ ಹದಗೊಳಿಸಲಾಗಿತ್ತು.

ಹಾಗಾದರೆ ಬಾಡಿಗೆ ಮನೆಯಲ್ಲಿ ಸಂಶಯ ಬಂದರೆ ಮಾಡಬೇಕಾದದ್ದೇನು? ಪೆನ್ನಿ ಮಾಡಿದ್ದನ್ನೇ. ಒಳಗೆ ಕಾಲಿಟ್ಟ ಕೂಡಲೇ ಚೀಲವನ್ನು ಹಾಸಿಗೆಯ ಮೇಲೆ ಎಸೆಯದೆ ಬಚ್ಚಲುಮನೆಯ ಗಾರೆನೆಲದಲ್ಲಿಟ್ಟು, ಬೆಳಕು ಹಿಡಿದು ಹಾಸಿಗೆಯ ಹೊಲಿಗೆಗಳನ್ನು, ಮಂಚದ ಸಂದಿಗಳನ್ನು, ತಲೆಯ ಕಡೆಯ ಹಲಗೆಯ ಹಿಂಬದಿಯನ್ನು ನೋಡಬೇಕು. ಶಾಯಿ ಚೆಲ್ಲಿದಂಥ ಕಪ್ಪು ಚುಕ್ಕೆ, ಕಳಚಿದ ಪೊರೆ, ಬಿಳಿಯ ಮೊಟ್ಟೆ ಇವು ಸಾಕ್ಷಿಗಳು. ಗುಳ್ಳೆಯೊಂದೇ ಸಾಕ್ಷಿಯಲ್ಲ, ಏಕೆಂದರೆ ಕೆಲವರ ಚರ್ಮಕ್ಕೆ ತಿಗಣೆ ಕಡಿದದ್ದು ಗೊತ್ತೇ ಆಗುವುದಿಲ್ಲ. ಸಿಕ್ಕಿದ ಕೀಟವನ್ನು ಅಂಟುಪಟ್ಟಿಯಲ್ಲಿ ಹಿಡಿದು, ಚಿತ್ರ ತೆಗೆದು ಯಜಮಾನರಿಗೆ ತೋರಿಸಬೇಕು. ಹಾಸಿಗೆಯನ್ನು ಬೇರೆ ಕೋಣೆಗೆ ಎಳೆದರೆ ಅಲ್ಲಿಗೂ ತಿಗಣೆ ಹರಡುತ್ತದೆ. ಕಂಡಕಂಡ ಮದ್ದು ಹೊಡೆದರೆ ಮಲಗುವವರಿಗೇ ಹೆಚ್ಚು ಅಪಾಯ. ಮನೆಗೆ ಮರಳಿದ ಮೇಲೆ ಬಟ್ಟೆಗಳನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಬೇಕು. ತಿಗಣೆಗೆ ಬಿಸಿಯೇ ಶತ್ರು, 50 ಡಿಗ್ರಿ ದಾಟಿದರೆ ಮೊಟ್ಟೆಯೂ ಉಳಿಯುವುದಿಲ್ಲ.

ಮಲೆನಾಡಿನ ಆ ಮನೆಯಲ್ಲಿ ನಾವೂ ಯಜಮಾನರೂ ಸೇರಿ ಹುಡುಕಿದೆವು. ತೇಗದ ಹಳೆಯ ಮಂಚದ ಕೆತ್ತನೆಯ ಸಂದಿಯಲ್ಲಿ ಚಿಕ್ಕವು, ದೊಡ್ಡವು, ಹತ್ತಾರು ಗಾತ್ರದ ಪೊರೆಗಳು ಅಂಟಿಕೊಂಡಿದ್ದವು. ತಿಗಣೆ ಮೊಟ್ಟೆಯೊಡೆದ ಮೇಲೆ ಐದು ಬಾರಿ ಪೊರೆ ಕಳಚಬೇಕು, ಪ್ರತಿ ಬಾರಿಯೂ ರಕ್ತ ಕುಡಿಯಬೇಕು. ಅದಕ್ಕೆ ತಿಂಗಳಾದರೂ ಬೇಕು. ಕಳೆದ ವಾರ ಬಂದು ಹೋದ ಕೂಲಿಗಳ ಕೆಲಸ ಅದಾಗಿರಲು ಸಾಧ್ಯವಿರಲಿಲ್ಲ. ಅವರೂ ನಮ್ಮಂತೆ ಕಚ್ಚಿಸಿಕೊಂಡು, ನಮ್ಮ ಹಾಗೆ ಗದ್ದಲ ಮಾಡದೆ ಹೋಗಿರಬೇಕು. ಯಜಮಾನರು ಸುಮ್ಮನಾದರು. ಆಮೇಲೆ ಒಳ್ಳೆಯ ಮನಸ್ಸಿನಿಂದಲೇ ಬಾಡಿಗೆಯ ಅರ್ಧ ಹಣ ಹಿಂದಿರುಗಿಸಿದರು.

ಊರು ತಲುಪಿದಾಗ ನಮ್ಮ ಚೀಲಗಳನ್ನು ಒಳಗೆ ಒಯ್ಯದೆ ಅಂಗಳದಲ್ಲಿಯೇ ಬಿಚ್ಚಿದೆವು. ಬೇಲಿಯಾಚೆಯಿಂದ ಪಕ್ಕದ ಮನೆಯವರು ಏನಾಯಿತೆಂದು ಕೇಳಿದರು. ಹೇಳಲು ನಾಚಿಕೆಯಾಯಿತು. ಆದರೂ ಹೇಳಿದೆ. ಆ ದಿನ ನಮ್ಮ ಬೀದಿಗೆ ತಿಗಣೆ ತರಬಹುದಾಗಿದ್ದವರು ನಾವೇ ಆಗಿದ್ದೆವು.